ಗುರುವಾರ, ಮದಗದ ದಾರಿ

ವಾರಕ್ಕೆ ಆರು ದಿನ ನಾನು ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರು.
ಕಾರ್ಕಳ, ಮಂಗಳೂರು, ತಿರುಗಿ ಕಾರ್ಕಳ.
ಎರಡು ನಿಮಿಷ ಮುಂದೆ ಒಂದು ಬಸ್ಸು,
ಎರಡು ನಿಮಿಷ ಹಿಂದೆ ಮತ್ತೊಂದು,
ನಡುವಿನ ನಾಲ್ಕು ನಿಮಿಷದಲ್ಲಿ ನನ್ನ ಅನ್ನ.

ಗುರುವಾರ ಮಾತ್ರ
ಮಗಳ ಹಳೆಯ ಸೈಕಲ್ಲು.
ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟದ್ದು, ಮುಂದೆ ಬುಟ್ಟಿ ಉಂಟು,
ಸೀಟು ಎತ್ತರಿಸಿದರೂ ಮೊಣಕಾಲು ಹ್ಯಾಂಡಲಿಗೆ ತಾಗುತ್ತದೆ.
ನೋಡಿದವರು ನಗುತ್ತಾರೆ. ನಗಲಿ.
ನೋಡುವವರೇ ಇಲ್ಲದ ದಾರಿ ನನಗೆ ಗೊತ್ತುಂಟು.

ಸಾಣೂರು ಕಳೆದು, ಡಾಮರು ಬಿಟ್ಟು,
ಪದವಿನ ಬೆನ್ನೇರುವ ಕೆಂಪು ಜಲ್ಲಿ ರಸ್ತೆ.
ಕಲ್ಲುಕೋರೆಗೆ ಲಾರಿ ಹೋಗುತ್ತಿದ್ದ ಕಾಲದಲ್ಲಿ ಮಾಡಿದ್ದು.
ಕೋರೆ ನಿಂತಿತು, ಲಾರಿ ನಿಂತಿತು,
ಹೊಂಡಗಳಲ್ಲಿ ಮಳೆನೀರು ನಿಂತಿತು.
ರಸ್ತೆ ಮಾತ್ರ ಗುಡ್ಡ ಇಳಿದು ಗುಡ್ಡ ಹತ್ತಿ
ಮದಗದಿಂದ ಮದಗಕ್ಕೆ ಹೋಗುತ್ತಲೇ ಉಂಟು,
ಯಾರನ್ನೂ ಹತ್ತಿಸಿಕೊಳ್ಳದೆ, ಯಾರನ್ನೂ ಇಳಿಸದೆ.

ಒಂದೊಂದು ಕಲ್ಲಿನ ಸುದ್ದಿಯೂ
ಮಣಿಕಟ್ಟಿಗೆ, ಮೊಣಕೈಗೆ, ಹಲ್ಲಿಗೆ.
ಏರಿನಲ್ಲಿ ಎದ್ದುನಿಂತು ತುಳಿದರೆ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತದೆ;
ಕೂತು, ಭಾರ ಕೊಟ್ಟು, ಮೆಲ್ಲ ತುಳಿಯಬೇಕು.
ಇಳಿಜಾರಿನಲ್ಲಿ ಮುಂದಿನ ಬ್ರೇಕು ಮುಟ್ಟಬಾರದು.
ಇಷ್ಟು ಕಲಿಯಲು
ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದವನಿಗೆ
ಮೂರು ಗುರುವಾರ, ಎರಡು ತರಚುಗಾಯ.

ಅಂಗೈ ಇನ್ನೂ ಹಾರನ್ ಹುಡುಕುತ್ತದೆ.
ತಿರುವು ಬಂದರೆ ಸಾಕು, ಹ್ಯಾಂಡಲಿನ ನಡುವೆ ಒತ್ತುತ್ತದೆ.
ಎದುರಿಗೆ ಯಾರಿದ್ದಾರೆ?
ದಾರಿಗಡ್ಡ ಬಿಸಿಲು ಕಾಯಿಸುವ ಒಂದು ಉಡ,
ಅದೂ ಸೈಡು ಕೊಡುವುದಿಲ್ಲ. ನಾನೇ ಕಾಯುತ್ತೇನೆ.
ಕಂಡಕ್ಟರ್ ಸಿಪ್ರಿಯನ್‌ಗೆ ಹೇಳಿದರೆ ನಂಬಲಿಕ್ಕಿಲ್ಲ.

ಮತ್ತೆ ಅಲ್ಲೊಂದು ಹಕ್ಕಿ,
ಹೆಸರು ತಿಳಿಯದು, ಕುಂಟುನೇರಳೆಯ ಪೊದೆಯಲ್ಲಿ ಇರುವುದು.
ಎರಡು ವಿಸಿಲ್ ಊದಿದರೆ ಕಾಲು ತಾನಾಗಿ ತುಳಿಯುತ್ತದೆ,
ಒಂದೇ ಊದಿದರೆ ಕೈ ಬ್ರೇಕು ಹಿಡಿಯುತ್ತದೆ.
ನಿಂತು, ಹಿಂದೆ ತಿರುಗಿ ನೋಡುತ್ತೇನೆ,
ಯಾರು ಇಳಿದರು ಅಂತ.

ಮೊನ್ನೆ ಹಾಗೆ ತಿರುಗಿದಾಗ
ನಿಜಕ್ಕೂ ಒಬ್ಬರಿದ್ದರು.
ನೆಬಿಸ (ಹೆಸರು ಆಮೇಲೆ ಗೊತ್ತಾದದ್ದು),
ಕಂಕುಳಲ್ಲಿ ಬೀಡಿಯ ಚೀಲ, ಚಪ್ಪಲಿಯಲ್ಲಿ ಕೆಂಪು ಧೂಳು.
"ಬ್ರಾಂಚಿಗೆ," ಅಂದರು.
ಚೀಲ ಬುಟ್ಟಿಯಲ್ಲಿಟ್ಟು, ಸೈಕಲ್ ದೂಡುತ್ತಾ ಜೊತೆಗೆ ನಡೆದೆ.
ಎರಡು ಮದಗ ದಾಟುವವರೆಗೆ ಅವರದ್ದು ಮಾತಿಲ್ಲ.
ಆಮೇಲೆ ನನ್ನನ್ನು ನೋಡದೆ, ನೀರನ್ನು ನೋಡುತ್ತಾ,
"ಎಂಟು ಇಪ್ಪತ್ತರ ಬಸ್ಸಿನವರಲ್ವಾ ನೀವು?
ಕೋರೆ ಕ್ರಾಸಿನಲ್ಲಿ ಕೈ ಹಿಡಿದರೆ
ಹಿಂದೆ ಬರ್ತದೆ ಅಂತ ಕೈ ಬೀಸಿ ಹೋಗುವವರು."

ಹೌದು.
ಎಕ್ಸ್‌ಪ್ರೆಸ್ಸಿಗೆ ಅಲ್ಲಿ ಸ್ಟಾಪಿಲ್ಲ, ಅದೂ ಹೌದು.
ಬಾಯಿಗೆ ಮಾತ್ರ ಯಾವುದೂ ಬರಲಿಲ್ಲ.
ಕಾಲಡಿ ಜಲ್ಲಿ ಕರಕರ.

ಅವರಿಗೇನೂ ಸಿಟ್ಟಿದ್ದ ಹಾಗೆ ಕಾಣಲಿಲ್ಲ.
"ನಡೀಲಿಕ್ಕೆ ಈ ದಾರಿಯೇ ಒಳ್ಳೇದು," ಅಂದರು,
"ಚರಂಡಿಗೆ ಹಾರ್ಬೇಕಂತ ಇಲ್ಲ."
ಬ್ರಾಂಚಿನ ಜಗಲಿಯಲ್ಲಿ ಚೀಲ ತೆಗೆದುಕೊಂಡು
ಸೈಕಲನ್ನು ಮೇಲಿಂದ ಕೆಳಗೆ ನೋಡಿ,
"ಇದು ಹೆಣ್ಣುಮಕ್ಕಳದ್ದಲ್ವಾ ಮಾರಾಯ್ರೆ?"
ನಕ್ಕರು. ನಾನೂ.

ಹಿಂದೆ ಬರುವಾಗ ಕೊನೆಯ ಮದಗದ ಏರಿಯಲ್ಲಿ ಕೂತು
ಬುಟ್ಟಿಯ ಪುಂಡಿ ಬಿಚ್ಚಿದೆ.
ತಣ್ಣಗಾಗಿತ್ತು. ಬಾಳೆಲೆಗೂ ಹೊಗೆಸೊಪ್ಪಿನ ವಾಸನೆ.
ನಾಳೆ ಶುಕ್ರವಾರ.
ಕೋರೆ ಕ್ರಾಸಿನಲ್ಲಿ ನಿಲ್ಲಿಸಿದರೆ
ಹೋಗುವುದೆಷ್ಟು? ನಲವತ್ತು ಸೆಕೆಂಡು?
ಮೊಣಕಾಲು ಕಷ್ಟ ಇದ್ದರೆ ಐವತ್ತು.
ಹಿಂದಿನವನು ಬೆಳ್ಮಣ್ಣಿನಲ್ಲಿ ಹಾರನ್ ಹೊಡೆಯುತ್ತಾನೆ,
ಧಣಿ ಫೋನು ಮಾಡುತ್ತಾರೆ.

ಪೊದೆಯಲ್ಲಿ ಹಕ್ಕಿ ಒಂದು ವಿಸಿಲ್ ಊದಿತು.
ಎರಡನೆಯದಕ್ಕೆ
ಕಾಯುತ್ತಾ ಕೂತೆ.