ಮೊದಲನೇ ದಿನ ಮದ್ದಿಲ್ಲ

ಚಪ್ಪಲಿ ಹೊರಗ ಬಿಡ್ರಿ. ಬೀಡಿ ಸೇದವ್ರು ಯಾರಿದ್ದೀರಿ?
ಜೋತಿಬಾ, ನಿನ್ನ ಕಿಸೆ ನನಗ ಗೊತ್ತೈತಿ,
ಕಡ್ಡಿಪೆಟ್ಟಿಗಿ ತಗದು ಆ ಮೆಟ್ಟಿಲ ಮ್ಯಾಲ ಇಡು.
ಖಂಜರ ಗಲ್ಲ್ಯಾಗ ಅದನ್ನ ಯಾರೂ ಕದಿಯೂದಿಲ್ಲ.

ಹುದ್ದಾರ ಮಾಸ್ತರ, ಕುರ್ಚಿ ನಿಮಗ.
ಶಿವಲೀಲಾ, ಫೋನು ಡಬ್ಬಿಗೆ ಹಾಕವ್ವಾ.
ಅಲ್ಲ, ಸೈಲೆಂಟ್ ಅಲ್ಲ. ಡಬ್ಬಿಗೆ.
ಎಣಸೂ ಹೊತ್ತಿನ್ಯಾಗ ಅದು ಬರೇ ನಡುಗಿದ್ರೂ ಸಾಕು,
ಮೂವತ್ತೊಂದರ ಮುಂದ ಮೂವತ್ತಮೂರು ಬರ್ತೈತಿ.

ಪರವಾನಿಗಿ ನೋಡಿದ್ನಿ, ಮೂರೂ ಸರಿ ಅದಾವ.
ಇನ್ನ ಕೇಳ್ರಿ: ಇವತ್ತು ಮದ್ದಿಲ್ಲ.

ಮಾರಿ ಸಣ್ಣ ಮಾಡಬ್ಯಾಡ್ರಿ.
ನಮ್ಮಪ್ಪ ನನಗ ಆರು ತಿಂಗಳ ಮದ್ದಿನ ವಾಸನಿ ತೋರಿಸಿರಲಿಲ್ಲ.
ಬರೇ ಖಾಲಿ ಕಾಡತೂಸ, ಹುಣಸಿಹಣ್ಣಿನ ನೀರು,
ಹಳೇ ಧೋತರದ ಚೂರು.
ನಿಮಗೂ ಅಷ್ಟ.
ಹಬ್ಬದ ಮುಂದ ಹಿತ್ತಾಳಿ ಕೊಡ ತಿಕ್ಕೂ ಹಂಗ ತಿಕ್ಕಬೇಕು.
ಹೊಳಪಿಗಲ್ಲ, ಮಾಸ್ತರ.
ತಿಕ್ಕತಾ ತಿಕ್ಕತಾ ಬಾಯಿ ಹತ್ರ
ಕೂದಲಿನಂಥಾ ಸೀಳು ಕಂಡ್ರ ಅದು ಆ ಬುಟ್ಟಿಗೆ.
ಅದರ ಕೆಲಸ ಮುಗೀತು. ಅಯ್ಯೋ ಅನಬ್ಯಾಡ್ರಿ.
ನನಗ ಅರವತ್ತೆಂಟು, ನನ್ನ ಮೈಯಾಗೂ ಅಂಥಾ ಸೀಳು ಅದಾವ.
ನನ್ನನ್ನ ಯಾರೂ ಮತ್ತ ತುಂಬಾಕ ಬರೂದಿಲ್ಲ.

ಜೋತಿಬಾ ಗಡಿಬಿಡ್ಯಾಗ ಅದಾನ.
ಬೈಲೂರಿನ ಕಬ್ಬಿನ್ಯಾಗ ಹಂದಿ ಇವನ ಹಾದಿ ಕಾಯಾಕತ್ತಾವಂತ.
"ನಮ್ಮಜ್ಜ ಅಂಗೈಯಾಗ ಹಾಕ್ಕೊಂಡ ತೂಗತಿದ್ದಾ,
ಕೈಗೆ ಗೊತ್ತಿರ್ತೈತಿ" ಅಂತಾನ.
ಇರಬೇಕು.
ನಮ್ಮ ಕಾಕಾ ಬಂದಗಿಸಾಬನ ಕೈಗೂ ಗೊತ್ತಿತ್ತು.
ಗೊತ್ತಿದ್ದ ಕೈಯಾಗ ಕಡೀಗೆ ಮೂರ ಬೆರಳು ಉಳದುವು.
ಆಮ್ಯಾಲ ಊಟಕ್ಕ ಕುಂತಾಗೆಲ್ಲಾ
ಕಾಕಿ ರೊಟ್ಟಿ ಮುರದು ಇಡತಿದ್ಲು,
ಅಂವ ಗ್ವಾಡಿ ಕಡೆ ನೋಡತಿದ್ದಾ.

ಇದಕ್ಕ ಮದ್ದು ಅಂತ ಹೆಸರಿಟ್ಟವ ಶ್ಯಾಣ್ಯಾ.
ಡಾಕ್ಟರ ಕೊಡೂದೂ ಮದ್ದ.
ಹೆಚ್ಚಾತು ಅಂದ್ರ ಎಲ್ಲಾರೂ ಅಂಜತಾರ.
ಕಡಿಮಿ ಆದ್ರ? ಶಿವಲೀಲಾ ಬರೋಬರಿ ಕೇಳಿದ್ಲು.
ಕಡಿಮಿ ಆದ್ರ ಟುಸ್ ಅಂತೈತಿ,
ಗುಂಡು ನಳಿಗ್ಯಾಗ ಅರ್ಧಾ ದಾರಿಗೆ ಕೂಡ್ತೈತಿ,
ನೀ ನಕ್ಕು ಇನ್ನೊಂದು ಹಾರಸ್ತಿ.
ಆ ಇನ್ನೊಂದು ಐತೆಲ್ಲಾ, ಅದು ನಗೂದಿಲ್ಲ.

ಒಂದು ರಾತ್ರಿ ಹೇಳ್ತೀನಿ.
ಕ್ಲಬ್ಬಿನವ್ರ ಆರ್ಡರು, ಐವತ್ತು.
ಮುಂಜಾನಿ ಎಂಟಕ್ಕ ಒಯ್ಯಾಕ ಬರವ್ರು.
ತುಂಬಿ ಮುಗಿಸಿ ತಕ್ಕಡಿ ಬಾಜೂಕ ಎಳದ ಗೆರಿ ಎಣಸಿದ್ರ
ನಾಲ್ವತ್ತೊಂಬತ್ತು.
ಒಂದು ಖಾಲಿ ಹೋತೇನು? ಗೆರಿ ಎಳಿಯೂದ ಮರತ್ನೇನು?
ಹಾಜರಾ ಬ್ಯಾಟರಿ ಹಿಡಕೊಂಡು ಎದ್ದು ಬಂದ್ಲು.
ಮಲಕೋರಿ ಅಂದ್ಲು ಒಮ್ಮಿ, ಆಮ್ಯಾಲ ಅನಲಿಲ್ಲ.
ಒಂದೊಂದ ಬಿಚ್ಚಿದ್ನಿ, ಐವತ್ತೂ.
ಅಕಿ ಬ್ಯಾಟರಿ ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ.
ಫಜರ್ ಬಾಂಗು ಆತು.
ಐವತ್ತೂ ಸರಿ ಇದ್ದುವು.
ತಪ್ಪಿದ್ದು ಗೆರಿ ಎಳಿಯೂ ಕೈ.
ಅಕಿ ಚಾ ಇಟ್ಲು.
ಎಂಟಕ್ಕ ಬಂದವ್ರು ಬಯ್ಕೋತ ಬರಿಗೈಲೆ ಹೊಳ್ಳಿ ಹೋದ್ರು.

ಈಗ ಬ್ಯಾಟರಿ ಹಿಡಿಯವ್ರಿಲ್ಲ,
ಅದಕ್ಕ ನಂದು ಹಗಲ ಕೆಲಸ.

ನೀವು ಎಂದಾರ ಹಾರಸೀರೇನು ಅಂತ ಮಾಸ್ತರ ಕೇಳತಾರ.
ಹಾರಸೀನಿ, ಮಣ್ಣಿನ ದಿಬ್ಬಕ್ಕ, ಹತ್ತರಾಗ ಒಂದು.
ನನ್ನ ಕೈಗೆ ನಾನ ಸಾಕ್ಷಿ ಆಗಬೇಕಲ್ಲ.
ಉಳದ ಒಂಬತ್ತು ಎಲ್ಲಿ ಹೋದುವು ಅಂತ
ಕೇಳಬಾರದು ಅಂತ ನಮ್ಮಪ್ಪ ಕಲಿಸಿದಾ.
ಉಳದದ್ದೆಲ್ಲಾ ಅಂವ ಹೇಳಿದಂಗ ಮಾಡೀನಿ, ಇದೊಂದು ಮಾಡಲಿಲ್ಲ.
ಜೋತಿಬಾ, ಹಂದಿ ಹಿಂದ ಯಾರ ಗುಡಿಸಲಾ ಐತಿ,
ಹಗಲ ಹೋಗಿ ನೋಡಿಯೇನು?

ನಡೀರಿ, ತೊಳದವನ್ನ ಮಾಳಿಗಿ ಮ್ಯಾಲ ಒಣ ಹಾಕೂಣು.
ಬಾಯಿ ಕೆಳಗ ಮಾಡಿ ಇಡ್ರಿ.
ಬಾಜೂಮನಿಯಾಕಿ ಶಾಂಡಿಗಿ ಹಾಕ್ಯಾಳ, ದಾಟಿ ಬರ್ರಿ, ತುಳದೀರಿ.

ಎಣಸ್ರಿ.
ಕೊಟ್ಟಿದ್ದು ನೂರಾ ಇಪ್ಪತ್ತು.
ಸೀಳಿದ್ದು ಬುಟ್ಟ್ಯಾಗ ಹನ್ನೊಂದು.
ಇಲ್ಲಿ ನೂರಾ ಎಂಟು.
ಮತ್ತೊಮ್ಮೆ ಎಣಸ್ರಿ. ನೂರಾ ಎಂಟು.

ಶಿವಲೀಲಾ.
ಇಟ್ಕೋವ್ವಾ, ನೆನಪಿಗೆ ಅಂತ ಒಂದು ಇಟ್ಕೊಂಡ್ರ ನಾ ಬ್ಯಾಡ ಅನೂದಿಲ್ಲ.
ಬಾಯಿಬಿಟ್ಟು ಹೇಳು ಅಷ್ಟ.
ಹಾಂ. ಈಗ ಕೂಡಿತು.

ಜೋತಿಬಾ, ಇಳದು ಹೋಗೂ ಮುಂದ
ಕಡ್ಡಿಪೆಟ್ಟಿಗಿ ಮರೀಬ್ಯಾಡ.