ಮೂರನೆಯ ಕಿಟಕಿ

ಮೆಕ್ಕೆಜೋಳದ ಹೊಲ ಮುಗಿದು
ಕಾರು ನಿಲ್ಲಿಸುವ ಬಯಲು ಶುರುವಾಗುವಲ್ಲಿ,
ಕುದುರೆ ರೇಸಿನ ಹಳೆಯ ಕಟ್ಟೆಗೆ ಒತ್ತಿಕೊಂಡು
ನೆಬ್ರಾಸ್ಕ ರಾಜ್ಯ ಒಂದು ಬಾಗಿಲು ತೆರೆದಿದೆ.
ಒಳಗೆ ಐದು ಕಿಟಕಿ, ಗೋಡೆ ತುಂಬ ಟೀವಿ,
ಹೊಸ ಜಮಖಾನೆಯ ಅಂಟಿನ ವಾಸನೆ.

ಮೂರನೆಯ ಕಿಟಕಿಯಲ್ಲಿ ಡಾರ್ಲಾ ವೊಂಡ್ರಾ.
ಅವಳ ಬೆರಳಚ್ಚು ಆಯೋಗದ ಕಡತದಲ್ಲಿದೆ;
ಅವಳ ಸಾಲ, ಹಿಂದಿನ ವಿಳಾಸಗಳು,
ವಿಚ್ಛೇದನದ ತಾರೀಖು ಕೂಡ.
ಕೊರಳಲ್ಲಿ ತೂಗುವ ಲೈಸೆನ್ಸು
ತಾಳಿಗಿಂತ ಭಾರ ಅಂತ ನಾನಂದುಕೊಂಡೆ.
ಅವಳಿಗೆ ತಾಳಿ ಗೊತ್ತಿಲ್ಲ.

ನಿಯಮಗಳ ಕಟ್ಟು ಇಟ್ಟಿಗೆಯಷ್ಟು ದಪ್ಪ.
ಇಪ್ಪತ್ತೊಂದು ತುಂಬಿರಬೇಕು.
ಖುದ್ದಾಗಿ ಬರಬೇಕು, ಸೋಫಾದಲ್ಲಿ ಒರಗಿ
ಫೋನು ಒತ್ತಿದರೆ ನಡೆಯದು;
ಪಾಪಕ್ಕೂ ಕಾಲಿದೆ, ನಡೆದೇ ಬರಲಿ
ಎಂದು ಶಾಸನಸಭೆಯ ತೀರ್ಮಾನ.
ರಾಜ್ಯದ ಕಾಲೇಜು ಹುಡುಗರು
ತವರಂಗಳದಲ್ಲಿ ಆಡುವ ದಿನ
ಅವರ ಮೇಲೆ ಪಣವಿಲ್ಲ.
ಮನೆಮಕ್ಕಳನ್ನು ತಕ್ಕಡಿಗೆ ಹಾಕಬಾರದು,
ನೆರೆಮನೆಯವರಾದರೆ ಅಡ್ಡಿಯಿಲ್ಲ.
ಉಳಿಕೆಯಲ್ಲಿ ಸರ್ಕಾರಕ್ಕೊಂದು ಪಾಲು,
ಆ ಪಾಲಿನಲ್ಲಿ ಒಂದು ಚಿಟಿಕೆ
ಚಟ ಹತ್ತಿದವರ ಚಿಕಿತ್ಸೆಗೆ.

ನಮ್ಮ ನುಡಿಯಲ್ಲಿ ಪಕಾರ ಹಕಾರವಾಗಲು
ಶತಮಾನಗಳು ಹಿಡಿದವು.
ಇಲ್ಲಿ ಪಣ ಹಣವಾಗಲು
ಒಂದು ನವೆಂಬರಿನ ಮತ ಸಾಕಾಯಿತು.

ಮಂಗಳವಾರ, ಹನ್ನೊಂದು ಗಂಟೆ.
ಎಮಿಲ್ ಹ್ರುಬಿ ಬಂದ, ಎಂಬತ್ತೊಂದರ ಮುದುಕ,
ಟೋಪಿ ಕೈಯಲ್ಲಿ ಹಿಡಿದು, ಚರ್ಚಿಗೆ ಬಂದವನ ಹಾಗೆ.
ಕ್ಷೌರದಂಗಡಿಯ ಹಿಂಬದಿಯಲ್ಲಿ
ಇಪ್ಪತ್ತಾರು ವರ್ಷ ಇದೇ ವ್ಯಾಪಾರ ಮಾಡಿದವನು.
ಎಂಬತ್ತೇಳರಲ್ಲಿ ಇದೇ ರಾಜ್ಯ
ಅವನ ನೋಟುಪುಸ್ತಕ ಹೊತ್ತೊಯ್ದು
ಹನ್ನೊಂದು ತಿಂಗಳು ಒಳಗಿಟ್ಟಿತ್ತು.
ಹೋದ ಚಳಿಗಾಲ ಇಲ್ಲೇ ಕೆಲಸಕ್ಕೆ ಅರ್ಜಿ ಹಾಕಿದ್ದ:
ಅನುಭವ ಎಂಬ ಕಲಮಿಗೆ ಏನು ಬರೆದನೋ.
ಶಿಕ್ಷೆಯಾದವರಿಗೆ ಗಾಜಿನ ಆಚೆ ಜಾಗವಿಲ್ಲ,
ಈಚೆ ಇದೆ.

"ಗುರುತಿನ ಚೀಟಿ ತೋರಿಸಿ," ಎಂದಳು ಡಾರ್ಲಾ.
ಇಪ್ಪತ್ತೊಂದು ತುಂಬಿದೆಯೇ ಎಂದು ಯಂತ್ರ ನೋಡಿತು.
ತುಂಬಿತ್ತು.
ಶನಿವಾರದ ನಮ್ಮೂರ ಪಂದ್ಯಕ್ಕೆ ಹತ್ತು ಡಾಲರು, ಎಂದ.
ಅದು ಆಗಲ್ಲ, ನಿಯಮ, ಎಂದಳು.
ಅವನು ನಕ್ಕ. ಸರಿ, ಹಾಗಾದರೆ
ಯಾವುದಾದರೂ ದೂರದೂರಿನದು ಹಾಕು.

ಚೀಟಿ ಅಚ್ಚಾಗಿ ಹೊರಬಂತು.
ಬೆಳಕಿಗೆ ಹಿಡಿದು ನೋಡಿದ:
ಜೀವಮಾನದಲ್ಲಿ ಯಾರಿಗೂ ರಸೀದಿ ಕೊಟ್ಟವನಲ್ಲ,
ಅಂಥದ್ದೇ ಸಾಕ್ಷಿಯಾಗುತ್ತಿತ್ತು.
ಹಿಂಬದಿಯಲ್ಲಿ ಸಣ್ಣಕ್ಷರ,
ಚಟ ಮೀರಿದರೆ ಕರೆಯಬೇಕಾದ ಫೋನ್ ನಂಬರು.

ಡಾರ್ಲಾಗೆ ಹನ್ನೆರಡು ವರ್ಷವಿದ್ದಾಗ
ಅಪ್ಪ ಒಂದು ರಾತ್ರಿ ಬೈಯುತ್ತಾ ಮನೆಗೆ ಬಂದಿದ್ದ:
ಆ ಹಜಾಮ ನನ್ನ ದುಡ್ಡು ಮುಟ್ಟಲಿಲ್ಲ ಕಣೇ,
ಮೊದಲು ಮಗಳ ಹಲ್ಲಿನ ತಂತಿಗೆ ಕಟ್ಟಿ ಬಾ ಅಂದ!

ಇಟ್ಟಿಗೆಯಂಥ ಕಟ್ಟಿನಲ್ಲಿ
ಈ ಕಲಮು ಎಲ್ಲೂ ಇಲ್ಲ. ಹುಡುಕಿದ್ದಾಳೆ.

ಎಮಿಲ್ ಟೋಪಿ ಹಾಕಿಕೊಂಡ. ಹೊರಟವನು ತಿರುಗಿ
ಲೈಸೆನ್ಸಿನ ಮೇಲಿನ ಹೆಸರು ಓದಿದ,
ಅವಳ ಮುಖ ನೋಡಿದ.
"ಹಲ್ಲು ಚೆನ್ನಾಗಿ ಕೂತಿವೆ," ಎಂದ.

ಹಿಂದಿನವನು ಕೆಮ್ಮಿದ.
"ಮುಂದಿನವರು," ಎಂದಳು ಡಾರ್ಲಾ, ಬಾಯಿ ಮುಚ್ಚಿಕೊಂಡು.