ಸೊನ್ನೆಯ ಕಾಲಂ

ಹಿನ್ನೀರು ಇಳಿದ ಮೇ ತಿಂಗಳು.
ಹಳೇ ಬಾಗಲಕೋಟೆಯ ಮುಳುಗಿದ ಓಣಿ
ಮತ್ತೆ ಮೊಣಕಾಲಿನವರೆಗೆ ಮೇಲೆದ್ದಿದೆ:
ಅರ್ಧ ಗೋಡೆ, ಒಂದು ಹೊಸ್ತಿಲು, ಒಳಕಲ್ಲಿನ ಕುಣಿ,
ಬಿರುಕುಬಿರುಕಿನಲ್ಲೂ ಏಡಿ.

ನಾನು ಬರೆಯುವವಳು, ಫಕೀರವ್ವ ಹಿಡಿಯುವವಳು.
ಮೊಣಕೈವರೆಗೆ ಬಿಲಕ್ಕೆ ಕೈಯಿಟ್ಟು
ಕಣ್ಣು ಬೇರೆಲ್ಲೋ ಇಟ್ಟು ಮಾತಾಡುತ್ತಿರುತ್ತಾಳೆ,
ಮಗಳಿಗೆ ನೋಡಿದ ಇಳಕಲ್ಲಿನ ವರ, ಸಬಕಾರದ ರೇಟು.
ಒಳಗೆ ಯಾರಿದ್ದಾರೆಂದು ಬೆರಳಿಗೆ ಮಾತ್ರ ಗೊತ್ತು.

ಬಕೆಟ್ಟಿನಿಂದ ಒಂದೊಂದೇ ತೆಗೆದು ಅಳೆಯುತ್ತೇನೆ.
ಕ್ಯಾಲಿಪರಿನ ತಣ್ಣನೆ ದವಡೆಯಲ್ಲಿ ಬೆನ್ನಚಿಪ್ಪು:
ಮೂವತ್ತೊಂದು ಮಿಲಿಮೀಟರು. ಇಪ್ಪತ್ತಾರು. ಹದಿನಾಲ್ಕು, ಅದು ಮರಿ.
ಮಗುಚಿದರೆ ಹೊಟ್ಟೆಯ ಮಡಿಕೆ.
ದಬ್ಬಣದಂತೆ ಚೂಪಾಗಿದ್ದರೆ ಗಂಡು;
ರೊಟ್ಟಿ ಮಡಚಿಟ್ಟಂತೆ ಅಗಲವಾಗಿದ್ದರೆ ಹೆಣ್ಣು.
ಗಂಡಿಗೆ ಒಂದು ಇಕ್ಕಳ ದೊಡ್ಡದು,
ಹಿಡಿದದ್ದನ್ನು ಬಿಡಲೊಲ್ಲದು, ನನ್ನ ಹಾಳೆಯ ಅಂಚನ್ನೂ.

ಎಂಟು ತಿಂಗಳು, ಆರುನೂರ ಹನ್ನೆರಡು ಏಡಿ.
ಗ್ರಾಫಿನಲ್ಲಿ ಎರಡು ದಿಬ್ಬ, ಮರಿಗಳದೊಂದು, ದೊಡ್ಡವರದೊಂದು,
ನಡುವೆ ತಗ್ಗು.
ಎಲ್ಲ ಸರಿ. ಕೊನೆಯ ಕಾಲಂ ಮಾತ್ರ,
'ತತ್ತಿ ಹೊತ್ತ ಹೆಣ್ಣು':
ಮಾರ್ಚ್ ಸೊನ್ನೆ. ಏಪ್ರಿಲ್ ಸೊನ್ನೆ.
ಮರಿಗಳೇನು ಗೋಡೆಯಿಂದ ಉದುರಿದವೇ?

ಗೈಡ್ ಸರ್ ಕನ್ನಡಕ ಒರೆಸುತ್ತ ಅಂದರು,
"ಬೇರೆಡೆ ವಲಸೆ ಹೋಗಬಹುದು, ಬರಿ."
ಬರೆದೆ. ವಲಸೆಯ ಮೇಲೆ ಎರಡು ಪುಟ.
ಅಳಿವೆಯ ಏಡಿಗಳು ಸಮುದ್ರದ ಕಡೆ ನಡೆಯುತ್ತವಂತೆ,
ಮರಿಗಳನ್ನು ಇಳಿತದ ಕೈಗೆ ಕೊಟ್ಟು ಬರುತ್ತವಂತೆ.
ಘಟಪ್ರಭೆಯಿಂದ ಸಮುದ್ರ ಎಷ್ಟು ದೂರ ಎಂದು
ನಕಾಶೆಯ ಮೇಲೆ ಸ್ಕೇಲಿಟ್ಟು ಕೂಡ ನೋಡಿದೆ.

ಇವತ್ತು ಪೆನ್ನು ಕೆಸರಿಗೆ ಬಿತ್ತು. ಬಗ್ಗಿದಾಗ
ಗೋಡೆಯ ತೂತಿನಾಚೆ ಕಂಡಿತು:
ಫಕೀರವ್ವನ ಅಂಗೈಯಲ್ಲಿ ಒಂದು ದೊಡ್ಡ ಹೆಣ್ಣು,
ಮಡಿಕೆಯೊಳಗೆ ಒತ್ತೊತ್ತಾಗಿ ಕಿತ್ತಳೆ ತತ್ತಿ,
ನವಣಿಗಿಂತ ದಪ್ಪ, ಜೋಳಕ್ಕಿಂತ ಸಣ್ಣ.
ಬಕೆಟ್ಟಿಗೆ ಹಾಕಲಿಲ್ಲ ಅವಳು.
ಬಂದ ಬಿಲಕ್ಕೇ, ಕದ ಸರಿಸಿ ಒಳಗೆ ಕಳಿಸಿದಂತೆ, ಬಿಟ್ಟಳು.

"ಇಂಥಾವು ಎಷ್ಟ್ ಬಿಟ್ಟೀಯಬೇ?"
"ಯಾರ್ ಎಣಿಸ್ಯಾರ! ಬಸುರೀನ ಹಿಡೀಬಾರ್ದು ಅಂತ
ನಮ್ಮತ್ತಿ ಹೇಳಿದ್ಳು. ನೀ ಏಡಿ ಕೇಳಿದಿ,
ಹೊಟ್ಟೀಲೆ ಇದ್ದಾಕಿನ್ನ ಕೇಳಿದ್ದಿಲ್ಲಲ್ಲ."

ಎರಡು ಪುಟದ ವಲಸೆ ಬ್ಯಾಗಿನಲ್ಲಿದೆ,
ಹರಿದ ಅಂಚಿನ ಹಾಳೆ ಕೈಯಲ್ಲಿ.
ಸೊನ್ನೆ ಹೊಡೆದು ಹಾಕಬಹುದು.
ಅದರ ಜಾಗಕ್ಕೆ ಏನು ಬರೆಯಲಿ?

ಏಡಿಗೆ ಐದು ರೂಪಾಯಿ ನಮ್ಮ ಮಾತು.
ಸೆರಗಿಗೆ ಕೈ ಒರೆಸಿಕೊಂಡು, ಬಕೆಟ್ಟಿನವನ್ನಷ್ಟೇ
ಎರಡು ಸಲ ಎಣಿಸಿ,
"ಹತ್ತೊಂಬತ್ತು" ಅಂದು ಕೈ ಚಾಚಿದಳು.